ಊರಿನ ಕೆರೆ, ಕಾವಲು, ಕುರುಚಲು ಕಾಡು ಉಳಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಹಳ್ಳಿ, ಪಟ್ಟಣಗಳಲ್ಲಿ ತಮ್ಮ ಸುತ್ತಲಿನ ಕಾಡು, ನೀರು, ಬಯಲನ್ನು ಕಾಯಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಇವಕ್ಕೆಲ್ಲ ತಳಹದಿಯಾದ ಮಾತು ಒಂದೇ: ಜೆಸಿಬಿ ಬಂದ ದಿನ ಓಡಾಡುವುದಕ್ಕಿಂತ, ಅದು ಬರುವ ಮೊದಲೇ ಆ ಜಾಗದ ದಾಖಲೆ ಮತ್ತು ಅಲ್ಲಿನ ಜೀವಿಗಳ ದಾಖಲೆ ಎರಡನ್ನೂ ಕೈಯಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ತಾಲ್ಲೂಕಿನಲ್ಲಿ ಅಭಯಾರಣ್ಯವೇ ಇಲ್ಲ. ಉಳಿಸುವಂಥದ್ದು ಏನಿದೆ?

ಬಹಳ ಇದೆ. ಕೆರೆ ಅಂಗಳ, ಗೋಮಾಳ, ಗುಂಡುತೋಪು, ಹುಲ್ಲುಬನ್ನಿ (ಹುಲ್ಲಿಗೆಂದು ಬಿಟ್ಟ ಜಾಗ), ಅಮೃತ್ ಮಹಲ್ ಕಾವಲು (ಆ ತಳಿಯ ದನಗಳಿಗೆ ಬಿಟ್ಟ ಹುಲ್ಲುಗಾವಲು), ದೇವರಕಾಡು, ಮಲೆನಾಡಿನ ಕಾನು (ದಟ್ಟ ಹಸಿರು ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಇವೆಲ್ಲ ಕಂದಾಯ ದಾಖಲೆಯಲ್ಲಿ ಹೆಸರಿರುವ ಜಾಗಗಳು, ಜೊತೆಗೆ ಜೀವಿಗಳ ಮನೆಗಳು. ತೋಳ, ಗುಳ್ಳೆನರಿ, ಕೃಷ್ಣಮೃಗ, ನಕ್ಷತ್ರ ಆಮೆಗಳಿಗೆ ಬೇಕಿರುವುದು ದಟ್ಟ ಕಾಡಲ್ಲ, ತೆರೆದ ಬಯಲು ಮತ್ತು ಕುರುಚಲು. ಕಾಡುಪಾಪ ಊರಂಚಿನ ಹಳೆಯ ತೋಪಿನಲ್ಲೂ ಬದುಕುತ್ತದೆ. ಆದರೆ ಅದು ಹಾರಿ ದಾಟುವ ಪ್ರಾಣಿಯಲ್ಲ. ಕೊಂಬೆಯಿಂದ ಕೊಂಬೆಗೆ ಕೈಹಿಡಿದೇ ಸಾಗಬೇಕು. ಸಾಲಿನ ನಡುವೆ ನಾಲ್ಕು ಮರ ಕಡಿದರೆ ತೋಪು ಅದರ ಪಾಲಿಗೆ ಎರಡು ದ್ವೀಪವಾಗುತ್ತದೆ.

ಮೊದಲ ಹೆಜ್ಜೆ ಯಾವುದು?

ಜಾಗ ಯಾರದೆಂದು ತಿಳಿಯುವುದು. ಇದನ್ನು ಬಿಟ್ಟು ಮುಂದೆ ಹೋದವರು ಆರು ತಿಂಗಳು ತಪ್ಪು ಕಚೇರಿಗೆ ಅಲೆಯುತ್ತಾರೆ.

ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲೇ ನಿಂತು ಸರ್ವೆ ನಂಬರ್ ಗುರುತು ಹಾಕಿಕೊಳ್ಳಿ. ಆಮೇಲೆ ಭೂಮಿ ಜಾಲತಾಣದಿಂದ ಪಹಣಿ ತೆಗೆಯಿರಿ. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ಪಟ್ಟಿ) ಮತ್ತು ಆ ಸರ್ವೆ ನಂಬರಿನ ಟಿಪ್ಪಣಿಯ (ಅಳತೆ ನಕ್ಷೆಯ) ದೃಢೀಕೃತ ನಕಲಿಗೆ ಭೂದಾಖಲೆ ಇಲಾಖೆಯಲ್ಲಿ ಅರ್ಜಿ ಹಾಕಿ. ಪಹಣಿಯಲ್ಲಿ ‘ಸರ್ಕಾರಿ ಕೆರೆ’, ‘ಗೋಮಾಳ’, ‘ಬಿ ಖರಾಬು’ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಜಾಗ) ಅಂತ ಏನು ಬರೆದಿದೆಯೋ ಅದನ್ನೇ ನಿಮ್ಮ ಎಲ್ಲ ಪತ್ರಗಳಲ್ಲೂ ಬಳಸಿ. ‘ನಮ್ಮೂರ ಸುಂದರ ಹಸಿರು ಪ್ರದೇಶ’ ಎಂದು ಬರೆದರೆ ಯಾವ ಗುಮಾಸ್ತರೂ ಅದನ್ನು ಕಡತಕ್ಕೆ ಹೊಂದಿಸಲಾರರು.

ಇಲ್ಲಿ ಆಗುವ ತಪ್ಪುಗಳು ಮೂರು. ದಿಶಾಂಕ್ ತೋರಿಸುವ ಗೆರೆ ಕೆಲವು ಮೀಟರ್ ಆಚೀಚೆ ಇರಬಹುದು. ಅದು ದಾರಿ ತೋರಿಸುತ್ತದೆ, ಗಡಿಯ ಸಾಕ್ಷಿಯಾಗುವುದಿಲ್ಲ. ಒತ್ತುವರಿ ಸಾಬೀತಾಗಬೇಕಾದರೆ ತಹಶೀಲ್ದಾರರ ಮೂಲಕ ಸರ್ವೆ ಆಗಿ ಗಡಿ ಕಲ್ಲು ನೆಡಲೇಬೇಕು. ಎರಡನೆಯದು, ಒಂದೇ ಕೆರೆ ಎರಡು ಮೂರು ಸರ್ವೆ ನಂಬರುಗಳಲ್ಲಿ, ಕೆಲವೊಮ್ಮೆ ಎರಡು ಗ್ರಾಮಗಳಲ್ಲಿ ಹರಡಿರುತ್ತದೆ. ಒಂದನ್ನು ಮಾತ್ರ ಉಲ್ಲೇಖಿಸಿದರೆ ಉಳಿದದ್ದು ಕೈತಪ್ಪುತ್ತದೆ. ಮೂರನೆಯದು ರಾಜಕಾಲುವೆ. ಕೆರೆಯ ನೀರು ನಿಲ್ಲುವ ಜಾಗ ಉಳಿಸಿ, ನೀರು ಬರುವ ದಾರಿಯನ್ನು ಮರೆತರೆ ಐದು ವರ್ಷದಲ್ಲಿ ಉಳಿಯುವುದು ಒಣ ಮೈದಾನ.

ಕೆರೆ ಯಾವ ಇಲಾಖೆಯದು ಎಂಬುದಕ್ಕೆ ಒಂದು ಸರಳ ಸೂತ್ರವಿದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ಸಂಸ್ಥೆಗಳ ಹೊಣೆ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ನಿರ್ವಹಣೆ ಯಾರದೇ ಆಗಿರಲಿ, ಸರ್ಕಾರಿ ಜಾಗದ ಒತ್ತುವರಿ ತೆರವು ಕಂದಾಯ ಇಲಾಖೆಯ ಕೆಲಸ.

ಪ್ರಾಣಿ, ಪಕ್ಷಿಗಳ ದಾಖಲೆ ಮಾಡಲು ನಾವೇನು ವಿಜ್ಞಾನಿಗಳಲ್ಲವಲ್ಲ?

ಆಗಬೇಕಿಲ್ಲ. ಬೇಕಿರುವುದು ಶಿಸ್ತು. ಜಾಗದಲ್ಲಿ ನಾಲ್ಕೈದು ಬಿಂದುಗಳನ್ನು ಗೊತ್ತು ಮಾಡಿಕೊಳ್ಳಿ: ತೂಬಿನ ಬಳಿ, ಕೋಡಿ, ಹಿನ್ನೀರಿನ ಅಂಚು, ತೋಪು. ತಿಂಗಳಿಗೊಮ್ಮೆ, ಅದೇ ವಾರದಲ್ಲಿ, ಬೆಳಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ, ಪ್ರತಿ ಬಿಂದುವಿನಲ್ಲಿ 15 ನಿಮಿಷ ನಿಲ್ಲಿ. ಕಂಡ ಜೀವಿ, ಸಂಖ್ಯೆ, ಏನು ಮಾಡುತ್ತಿತ್ತು, ನೀರಿನ ಮಟ್ಟ, ನೋಡಿದವರ ಹೆಸರು ಇಷ್ಟನ್ನೂ ಬರೆಯಿರಿ. ಏನೂ ಕಾಣದ ದಿನ ‘ಇಲ್ಲ’ ಎಂದು ಬರೆಯುವುದೂ ದಾಖಲೆಯೇ. ಹನ್ನೆರಡು ತಿಂಗಳ ಇಂಥ ಪಟ್ಟಿಗೆ ಇರುವ ತೂಕ, ಒಂದೇ ದಿನ ತೆಗೆದ ಮುನ್ನೂರು ಚಿತ್ರಗಳಿಗೆ ಇರುವುದಿಲ್ಲ.

ಎಲ್ಲಕ್ಕಿಂತ ಬೆಲೆಬಾಳುವುದು ಮರಿ ಮಾಡುವ ಸಾಕ್ಷ್ಯ. ಟಿಟ್ಟಿಭ ಹಕ್ಕಿಯನ್ನೇ ನೋಡಿ. ಗೂಡೆಂದರೆ ಬರಿ ನೆಲದಲ್ಲಿ ಅಂಗೈಯಗಲದ ಒಂದು ಕುಳಿ, ಸುತ್ತ ಒಂದಿಷ್ಟು ಸಣ್ಣ ಕಲ್ಲು. ಅದರೊಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡು ಅಡಿ ದೂರದಲ್ಲಿ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ಹಕ್ಕಿ ತಲೆ ಮೇಲೆ ಕೂಗಾಡುತ್ತಾ ಎರಗಿ ಬಂದರೆ ನೀವು ಹತ್ತಿರವಿದ್ದೀರಿ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ, ದೂರದಿಂದ ಚಿತ್ರ ತೆಗೆಯಿರಿ. ಬಿಸಿಲಲ್ಲಿ ಹಕ್ಕಿ ಎದ್ದುಹೋದರೆ ಮೊಟ್ಟೆ ಬೇಯುತ್ತದೆ. ಹಕ್ಕಿಯನ್ನು ಉಳಿಸಲು ಹೋಗಿ ಅದರ ಸಂಸಾರ ಕೆಡಿಸಬಾರದು.

ಕುರಿಗಾಹಿಗಳು, ಮೀನು ಹಿಡಿಯುವವರು, ತೋಟ ಕಾಯುವವರನ್ನು ಕೇಳದೆ ಪಟ್ಟಿ ಮುಗಿಸಬೇಡಿ. ತೋಳ ಯಾವ ಮೊರಡಿಯಲ್ಲಿ ಮರಿ ಹಾಕುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೊಬೈಲಿನ ಚಿತ್ರ ಸಾಕ್ಷ್ಯವಾಗುತ್ತದೆಯೇ?

ಆಗುತ್ತದೆ, ಮೂಲ ಕಡತ ಉಳಿಸಿಕೊಂಡರೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದ ತಕ್ಷಣ ಅದರೊಳಗಿನ ಸಮಯ, ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಹಾಗಾಗಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಮೂಲವನ್ನು ಫೋನಿನಲ್ಲೂ ಇನ್ನೊಂದು ಡ್ರೈವ್‌ನಲ್ಲೂ ಇಡಿ. ಪ್ರತಿ ಘಟನೆಗೂ ಮೂರು ಬಗೆಯ ಚಿತ್ರ ಬೇಕು: ದೇವಸ್ಥಾನದ ಗೋಪುರ, ನೀರಿನ ಟ್ಯಾಂಕು ಹೀಗೆ ಅಲುಗಾಡದ ಗುರುತು ಕಾಣುವ ದೂರದ ಚಿತ್ರ, ಕೆಲಸ ನಡೆಯುತ್ತಿರುವ ಮಧ್ಯದ ಚಿತ್ರ, ವಾಹನದ ಸಂಖ್ಯೆಯೋ ಕಡಿದ ಬುಡವೋ ಕಾಣುವ ಹತ್ತಿರದ ಚಿತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ನ್ಯಾಯಾಲಯದಲ್ಲಿ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಇರಬೇಕು. ಆದ್ದರಿಂದ ಯಾವ ಫೋನಿನಲ್ಲಿ, ಯಾರು, ಯಾವಾಗ ತೆಗೆದರು ಎಂಬುದನ್ನು ಅಂದೇ ಬರೆದಿಡಿ.

ಮನವಿ ಪತ್ರ ಹೇಗಿರಬೇಕು?

ಒಂದು ಪುಟ, ಒಂದು ಜಾಗ, ಒಂದು ಬೇಡಿಕೆ. ವಿಷಯದ ಸಾಲಿನಲ್ಲೇ ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ವಿಸ್ತೀರ್ಣ ಬರಲಿ. ನಂತರ ಏನಾಗುತ್ತಿದೆ, ಯಾವ ದಿನಾಂಕದಿಂದ, ಯಾವ ಕಾನೂನಿಗೆ ವಿರುದ್ಧ. ಕೊನೆಗೆ ಬೇಡಿಕೆ. ‘ಕೆರೆಯನ್ನು ಉಳಿಸಿಕೊಡಿ’ ಎಂಬುದು ಬೇಡಿಕೆಯಲ್ಲ, ಪ್ರಾರ್ಥನೆ. ‘ಸದರಿ ಸರ್ವೆ ನಂಬರಿನ ಅಳತೆ ಮಾಡಿಸಿ, ಗಡಿ ಗುರುತಿಸಿ, ಅಲ್ಲಿಯವರೆಗೆ ಮಣ್ಣು ತುಂಬುವುದನ್ನು ನಿಲ್ಲಿಸಲು ಆದೇಶಿಸಬೇಕು’ ಎಂಬುದಕ್ಕೆ ಅಧಿಕಾರಿ ಹೌದು ಅಥವಾ ಇಲ್ಲ ಎನ್ನಲೇಬೇಕು.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಸಹಿ ಬಿದ್ದ ಮೇಲೆಯೇ ಅಲ್ಲಿಂದ ಹೊರಡಿ. ಕೊಡಲೊಪ್ಪದಿದ್ದರೆ ಅಂದೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಅಂಟಿಸಿಕೊಳ್ಳಿ. ಇನ್ನೂರು ಜನ ಸಹಿ ಮಾಡಿದ ಒಂದೇ ಪತ್ರಕ್ಕೆ ಒಂದೇ ಸ್ವೀಕೃತಿ ಸಂಖ್ಯೆ. ಬೇರೆ ಬೇರೆ ಓಣಿಯ ಹತ್ತು ಜನ ತಮ್ಮ ಮಾತಿನಲ್ಲಿ ಹತ್ತು ಪತ್ರ ಕೊಟ್ಟರೆ ಕಡತದಲ್ಲಿ ಹತ್ತು ದಾಖಲೆ. ಹದಿನೈದು ದಿನಕ್ಕೆ ನೆನಪೋಲೆ ಕೊಡಿ, ಅದರಲ್ಲಿ ಮೊದಲ ಪತ್ರದ ಸಂಖ್ಯೆ ಇರಲಿ.

ಜೊತೆಗೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ. ಮಾತಾಡಿ ಚಪ್ಪಾಳೆ ಗಿಟ್ಟಿಸಿ ಬಂದವರು ಮರುವಾರ ಹೋಗಿ ನೋಡಿದರೆ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಸಭೆ ಮುಗಿಯುವ ಮುನ್ನ ನಿರ್ಣಯವನ್ನು ಓದಿ ಹೇಳಿಸಿ, ಪಿಡಿಒ ಅವರಿಂದ ದೃಢೀಕೃತ ನಕಲು ಪಡೆಯಿರಿ.

ಮಾಹಿತಿ ಹಕ್ಕು ಅರ್ಜಿ ಹಾಕಿದರೂ ತಿರಸ್ಕಾರವಾಗುತ್ತಿದೆ. ಏಕೆ?

ಹೆಚ್ಚಾಗಿ ಎರಡು ಕಾರಣ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೆರೆ, ಮರ, ಲೇಔಟ್ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪವಾಗುತ್ತದೆ. ಇನ್ನೊಂದು, ‘ಏಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳುವುದು. ಕಾಯ್ದೆ ಕೊಡುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಹೀಗೆ ಕೇಳಿ: ‘ಸರ್ವೆ ನಂಬರ್ ಇಂತಿಷ್ಟರ ಕೆರೆಯ ಬಗ್ಗೆ ಇಂಥ ದಿನಾಂಕದಂದು ನೀಡಿದ ದೂರಿನ ಕಡತದ ಟಿಪ್ಪಣಿ ಹಾಳೆಗಳು, ಸ್ಥಳ ತನಿಖಾ ವರದಿ, ಹೊರಡಿಸಿದ ಆದೇಶಗಳ ದೃಢೀಕೃತ ಪ್ರತಿ ಒದಗಿಸಿ, ಕಡತ ಪರಿಶೀಲನೆಗೆ ದಿನ ನಿಗದಿಪಡಿಸಿ.’

ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಕಡತ ಪರಿಶೀಲನೆಯ ಹಕ್ಕನ್ನು ಜನ ಬಳಸುವುದೇ ಕಡಿಮೆ. ಎದುರು ಕೂತು ಕಡತ ತಿರುವಿದಾಗಲೇ ಯಾವ ಕಾಗದ ಎಲ್ಲಿ ನಿಂತಿದೆ ಎಂದು ಕಾಣುವುದು.

ರಸ್ತೆ ಬದಿಯ ಮರ ಕಡಿಯುತ್ತಿದ್ದಾರೆ. ಈಗಲೇ ಏನು ಮಾಡಲಿ?

ಅನುಮತಿ ಪತ್ರ ತೋರಿಸಲು ಕೇಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಅಡಿ ವೃಕ್ಷ ಅಧಿಕಾರಿಯ ಲಿಖಿತ ಅನುಮತಿ ಬೇಕು. ಪತ್ರದಲ್ಲಿ ಮರದ ಜಾತಿ, ಸಂಖ್ಯೆ, ಷರತ್ತು ಇರುತ್ತದೆ. ಹತ್ತಕ್ಕೆ ಅನುಮತಿ ಪಡೆದು ಹದಿನೈದು ಕಡಿಯುವುದು ಮಾಮೂಲಿ, ಹಾಗಾಗಿ ಬುಡಗಳನ್ನು ಎಣಿಸಿ. ನೀಲಗಿರಿ, ಸರ್ವೆ ಮರ, ತೆಂಗು, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಅವುಗಳ ಮೇಲೆ ದೂರು ಕೊಟ್ಟರೆ ಮುಂದಿನ ದೂರಿಗೂ ಬೆಲೆ ಇರುವುದಿಲ್ಲ.

50ಕ್ಕಿಂತ ಹೆಚ್ಚು ಮರ ಕಡಿಯುವ ಸಾರ್ವಜನಿಕ ಕಾಮಗಾರಿಗೆ ವೃಕ್ಷ ಅಧಿಕಾರಿ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಒಂದೇ ರಸ್ತೆಯನ್ನು 45, 48 ಮರಗಳ ತುಂಡುಗಳಾಗಿ ಒಡೆದು ಅನುಮತಿ ಕೇಳಿದ್ದರೆ, ಒಟ್ಟು ಕಾಮಗಾರಿಯ ಅಂದಾಜು ಪಟ್ಟಿ ತೋರಿಸಿ ಪ್ರಶ್ನಿಸಿ. ಆಕ್ಷೇಪಣೆಯಲ್ಲಿ ‘ಮರ ಕಡಿಯಬೇಡಿ’ ಎಂದಷ್ಟೇ ಹೇಳದೆ, ಪ್ರತಿ ಮರಕ್ಕೆ ಸಂಖ್ಯೆ ಕೊಟ್ಟು, ಸುತ್ತಳತೆ ಬರೆದು, ಗೂಡಿರುವುದನ್ನು ಗುರುತಿಸಿ, ಯಾವುದನ್ನು ಉಳಿಸಿ ರಸ್ತೆ ಮಾಡಬಹುದೆಂದು ತೋರಿಸಿ. ಕೆಲವು ಮರಗಳಾದರೂ ಉಳಿಯುವುದು ಇಂಥ ಪಟ್ಟಿಯಿಂದ.

ಕೆರೆ ‘ಅಭಿವೃದ್ಧಿ’ ಆಗುತ್ತಿದೆ. ಅದು ಒಳ್ಳೆಯದೇ ಅಲ್ಲವೇ?

ನಕ್ಷೆ ನೋಡದೆ ಹೇಳಲಾಗದು. ಅನೇಕ ಕೆರೆಗಳನ್ನು ಹೂಳೆತ್ತುವ ಹೆಸರಲ್ಲಿ ಬೋಗುಣಿ ಮಾಡಿಬಿಡುತ್ತಾರೆ: ಸುತ್ತ ಕಡಿದಾದ ಏರಿ, ಅದರ ಮೇಲೆ ನಡಿಗೆ ಪಥ, ಒಳಗೆ ಎಲ್ಲೆಡೆ ಒಂದೇ ಆಳ. ನೀರು ತುಂಬಿದಾಗ ಚಿತ್ರಕ್ಕೆ ಚಂದ. ಆದರೆ ಗದ್ದೆಗೊರವ, ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆಗಳು ಮೇಯುವುದು ಒಂದು ಗೇಣು, ಹೆಚ್ಚೆಂದರೆ ಮೊಣಕಾಲು ಮಟ್ಟದ ನೀರಿನಲ್ಲಿ. ಆ ಅಂಚು ಹೋದರೆ ಅವೂ ಹೋಗುತ್ತವೆ. ಜೊಂಡು ಕಿತ್ತರೆ ನಾಮಗೋಳಿ, ಜೌಗುಕೋಳಿಗಳಿಗೆ ಗೂಡಿಗೆ ತಾವಿಲ್ಲ. ಹಿನ್ನೀರಿನ ಕಡೆಗೂ ಸುತ್ತು ಏರಿ ಕಟ್ಟಿದರೆ ಮಳೆನೀರು ಒಳಗೆ ಬರುವ ಹರವು ದಾರಿ ಮುಚ್ಚಿಹೋಗುತ್ತದೆ.

ಆದ್ದರಿಂದ ಟೆಂಡರಿಗೆ ಮುನ್ನ ವಿಸ್ತೃತ ಯೋಜನಾ ವರದಿಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ನೋಡಬೇಕಾದ್ದು ಅಡ್ಡಛೇದದ ಚಿತ್ರ. ಹಿನ್ನೀರಿನ ಅಂಚಿನಲ್ಲಿ ಇಳಿಜಾರು ನಿಧಾನವಾಗಿರಲಿ: ಒಂದು ಮೀಟರ್ ಆಳಕ್ಕೆ ಕನಿಷ್ಠ ಹತ್ತು ಮೀಟರ್ ಅಗಲ. ಹೂಳೆತ್ತುವುದು ತೂಬಿನ ಕಡೆಯ ಆಳದ ಭಾಗಕ್ಕೆ ಸೀಮಿತವಾಗಲಿ. ಜೊಂಡನ್ನು ಒಂದೇ ಬಾರಿಗೆ ಕಿತ್ತೆಸೆಯದೆ ಭಾಗ ಭಾಗವಾಗಿ ತೆಗೆಯಲಿ. ಪಥ ಒಂದು ಬದಿಗೆ ಸಾಕು, ನೀರಿನತ್ತ ದೀಪ ಬೇಡ. ಗುತ್ತಿಗೆದಾರರು ಕೆಲಸ ಶುರು ಮಾಡಿದ ಮೇಲೆ ಇವುಗಳಲ್ಲಿ ಒಂದನ್ನೂ ಬದಲಿಸುವುದು ಕಷ್ಟ.

ಕೊಳಚೆ ನೀರು ಬರುವುದನ್ನು ನಿಲ್ಲಿಸದೆ ಬೇರೇನು ಮಾಡಿದರೂ ಹಣ ದಂಡ. ಮೊದಲ ಜೋರು ಮಳೆಯ ಮರುದಿನ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆತೆರೆದು ಗುಟುಕರಿಸುತ್ತಿದ್ದರೆ, ಚರಂಡಿಯ ಕೊಳೆ ಮತ್ತು ತಳದ ಕೆಸರು ಕಲಕಿ ನೀರಿನ ಆಮ್ಲಜನಕ ಇಂಗಿದೆ ಎಂದರ್ಥ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ಸೂರ್ಯೋದಯದ ಹೊತ್ತಿಗೆ ಅದು ಅತಿ ಕಡಿಮೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಆಗಲೇ ಫೋನ್ ಮಾಡಿ, ಮಾದರಿ ತೆಗೆಯಲು ಲಿಖಿತವಾಗಿ ಕೋರಿ. ಮಧ್ಯಾಹ್ನ ಬಂದು ಅಳೆದರೆ ಎಲ್ಲ ಸರಿಯಾಗಿದೆ ಎಂಬ ವರದಿ ಬರುವ ಸಂಭವವಿದೆ.

ಇನ್ನೊಂದು ಮಾತು. ಕೆರೆಯ ಸುತ್ತ 75 ಮೀಟರ್ ಮೀಸಲು ಎಂದು ಈಗಲೂ ಹಲವರು ಬರೆಯುತ್ತಾರೆ. ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹಾಕಿದ್ದ ಆ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲೇ ರದ್ದುಮಾಡಿದೆ. ನಿಮ್ಮೂರಿಗೆ ಇಂದು ಅನ್ವಯಿಸುವ ಅಂತರವನ್ನು ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು 2014ರ ಕೆರೆ ಸಂರಕ್ಷಣಾ ಪ್ರಾಧಿಕಾರ ಕಾಯ್ದೆಯ ತಿದ್ದುಪಡಿಗಳಲ್ಲಿ ನೋಡಿ ಬರೆಯಿರಿ. ತಪ್ಪು ಸಂಖ್ಯೆ ಒಂದಿದ್ದರೆ ಸಾಕು, ಎದುರಿನ ವಕೀಲರು ಉಳಿದದ್ದನ್ನೂ ಅದರ ಜೊತೆ ತಳ್ಳಿಹಾಕುತ್ತಾರೆ.

ಗೋಮಾಳದಲ್ಲಿ ಗಿಡ ನೆಡುವುದನ್ನು ವಿರೋಧಿಸುವುದು ಸರಿಯೇ?

ಹುಲ್ಲುಗಾವಲಾದರೆ, ಹೌದು. ಧೈರ್ಯವಾಗಿ ಹೇಳಬೇಕು. ಬಯಲಿಗೆ ಅಕೇಶಿಯಾ, ನೀಲಗಿರಿ ತುಂಬಿದರೆ ಹುಲ್ಲು ಸಾಯುತ್ತದೆ, ಕೃಷ್ಣಮೃಗ ಜಾಗ ಬಿಡುತ್ತದೆ, ನೆಲದಲ್ಲಿ ಗೂಡು ಕಟ್ಟುವ ನೆಲಗುಬ್ಬಿ, ಟಿಟ್ಟಿಭಗಳಿಗೆ ದಿಕ್ಕಿಲ್ಲ, ದನಕುರಿಗಳಿಗೆ ಮೇವಿಲ್ಲ. ಜೂನ್ ಮೊದಲ ವಾರ ಗಿಡ ನೆಡುವವರಿಗೆ ಗುಂಡಿ ಬೇಸಿಗೆಯಲ್ಲೇ ಬೇಕು, ಅದೇ ಟಿಟ್ಟಿಭ ಮೊಟ್ಟೆಯಿಡುವ ಕಾಲ. ವಿರೋಧದ ಜೊತೆ ಬದಲಿ ಜಾಗ ತೋರಿಸಿ: ರಸ್ತೆ ಬದಿ, ಶಾಲೆಯ ಆವರಣ, ಹಾಳಾದ ಗುಂಡುತೋಪು. ಆಲ, ಅತ್ತಿ, ಬಸರಿ, ಹೊಂಗೆ, ನೇರಳೆ ಅಲ್ಲಿ ಬರಲಿ.

ರೈತರೇ ನಮ್ಮ ವಿರುದ್ಧ ನಿಂತರೆ?

ಅವರ ನಷ್ಟವನ್ನು ಮೊದಲು ಮಾತಾಡಿ. ತೋಳ ಕುರಿ ಹಿಡಿದ ಮನೆಗೆ ಹೋಗಿ ಪ್ರಾಣಿಯ ಮಹತ್ವ ವಿವರಿಸುವುದು ಕ್ರೂರ. ಅದರ ಬದಲು ಪರಿಹಾರದ ಅರ್ಜಿ ತುಂಬಿಕೊಡಿ. ಸತ್ತ ಕುರಿಯನ್ನು ಅರಣ್ಯ ಸಿಬ್ಬಂದಿ ಬಂದು ನೋಡುವವರೆಗೆ ಕದಲಿಸಬಾರದು; ಹೆಜ್ಜೆ ಗುರುತಿನ ಮೇಲೆ ಬುಟ್ಟಿ ಮುಚ್ಚಿಡಿ; ಪಶುವೈದ್ಯರ ಮರಣೋತ್ತರ ವರದಿ, ಚಿತ್ರ, ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ ಒಟ್ಟಿಗಿರಲಿ. ಹೂತುಹಾಕಿ ಆಮೇಲೆ ಅರ್ಜಿ ಕೊಟ್ಟರೆ ಪರಿಹಾರ ಸಿಗುವುದು ಕಷ್ಟ. ಪರಿಹಾರ ಕೈಸೇರಿದ ಮನೆಯವರು ವಿಷ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಕಣ್ಣೆದುರಿನ ಉದಾಹರಣೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರ ನಡುವಿನ ಹುಣಸೆ, ಅತ್ತಿ ಮರಗಳ ಮೇಲೆ, ಜನರ ಹಿತ್ತಿಲಲ್ಲಿ. ಹಕ್ಕಿ ಕೂತ ಮರದ ಹುಣಸೆ ಫಸಲು ಹಾಳಾಗುವುದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಉರುಳು, ಬಲೆ ಕಂಡರೆ ಕಿತ್ತೆಸೆಯಬಹುದೇ?

ಪ್ರಾಣಿ ಸಿಕ್ಕಿಕೊಂಡಿದ್ದರೆ ಕೂಡಲೇ ವಲಯ ಅರಣ್ಯಾಧಿಕಾರಿಗೆ ಫೋನ್, ಸಿಗದಿದ್ದರೆ 112. ಖಾಲಿ ಉರುಳಾದರೆ ಮುಟ್ಟದೆ ಚಿತ್ರ ತೆಗೆದು ಸಿಬ್ಬಂದಿಯನ್ನು ಕರೆಸಿ, ಮಹಜರು ಆಗಲಿ. ನೀವು ಕಿತ್ತರೆ ಸಾಕ್ಷಿ ಹೋಯಿತು, ಅದೇ ತಂತಿ ನಾಳೆ ಇನ್ನೊಂದು ಬೇಲಿಯಲ್ಲಿರುತ್ತದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972ರಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆ ಒಡ್ಡುವುದು, ಕಾಡುಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಅನುಸೂಚಿ ಒಂದರ (ಅತಿ ಹೆಚ್ಚು ರಕ್ಷಣೆಯ ಪಟ್ಟಿಯ) ಪ್ರಾಣಿಯಾದರೆ 3ರಿಂದ 7 ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ಇಲಾಖೆ ಕದಲದಿದ್ದರೆ 55ನೇ ಸೆಕ್ಷನ್ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಯಾವ ನಾಗರಿಕರಾದರೂ ನ್ಯಾಯಾಲಯಕ್ಕೆ ನೇರ ದೂರು ಕೊಡಬಹುದು.

ಪರಿಸರ ಸಾರ್ವಜನಿಕ ಆಲಿಕೆ ಸಭೆಯಲ್ಲಿ ಏನು ಮಾಡಬೇಕು?

2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಪಂಚಾಯಿತಿಯಲ್ಲಿ ನೋಡಲು ಇರಬೇಕು. ಇಲ್ಲದಿದ್ದರೆ ಅದೇ ಮೊದಲ ಆಕ್ಷೇಪಣೆ. ವರದಿಯ ಪ್ರಾಣಿ ಪಟ್ಟಿಯನ್ನು ನಿಮ್ಮ ಹನ್ನೆರಡು ತಿಂಗಳ ಪಟ್ಟಿಯ ಪಕ್ಕ ಇಡಿ. ಕಂಡು ಕೇಳರಿಯದ ಜೀವಿಗಳು ಅದರಲ್ಲಿದ್ದು, ದಿನವೂ ಕಾಣುವ ಕೃಷ್ಣಮೃಗ ಇಲ್ಲದಿದ್ದರೆ, ಪುಟ ಸಂಖ್ಯೆ ಸಮೇತ ಲಿಖಿತವಾಗಿ ಕೊಡಿ. ಸಭೆ ಬಹಿಷ್ಕರಿಸಿ ಹೊರಗೆ ಘೋಷಣೆ ಕೂಗಿದ್ದಷ್ಟೇ ಆದರೆ ನಡಾವಳಿಯಲ್ಲಿ ವಿರೋಧವೇ ದಾಖಲಾಗುವುದಿಲ್ಲ, ಇಷ್ಟು ಜನ ಇರಲೇಬೇಕೆಂಬ ಕೋರಂ ಕೂಡ ಇದಕ್ಕಿಲ್ಲ. ಒಳಗೆ ಹೋಗಿ ಮಾತಾಡಿ, ಕೊನೆಗೆ ನಡಾವಳಿ ಕನ್ನಡದಲ್ಲಿ ಓದುವವರೆಗೆ ಇದ್ದು, ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ಜಾಗಕ್ಕೆ ಕಾಯಂ ರಕ್ಷಣೆ ಕೊಡಿಸಲು ಯಾವ ದಾರಿಗಳಿವೆ?

ಸರ್ಕಾರಿ ಜಾಗವಾದರೆ ‘ಸಂರಕ್ಷಣಾ ಮೀಸಲು’. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಮೀಸಲು, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಹೀಗೆ ಉಳಿದವು. ಕೊನೆಯ ಎರಡೂ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದವು. ಖಾಸಗಿ ಅಥವಾ ಸಮುದಾಯದ ಜಾಗವಾದರೆ, ಒಡೆಯರು ಒಪ್ಪಿದರೆ, ‘ಸಮುದಾಯ ಮೀಸಲು’. ಮೂರನೆಯದು ಜೀವವೈವಿಧ್ಯ ಪಾರಂಪರಿಕ ತಾಣ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಪಾರಂಪರಿಕ ತಾಣವಾಯಿತು.

ಕೆಳಗಿನ ಮೆಟ್ಟಿಲು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಕಾನೂನಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಲೇಬೇಕು. ಕಾಗದದ ಮೇಲೆ ಮಾತ್ರ ಇದ್ದರೆ ಸದಸ್ಯರ ಪಟ್ಟಿ ಕೇಳಿ, ಸಭೆ ಕರೆಸಿ, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಪಟ್ಟಿ ಸೇರಿಸಿ. ಮುಂದೆ ಜಾಗ ಮಂಜೂರು ಮಾಡಲು ಹೊರಟವರಿಗೆ ಈ ಸರ್ಕಾರಿ ಪುಸ್ತಕವನ್ನೇ ತೋರಿಸಬಹುದು.

ಹಸಿರು ನ್ಯಾಯಮಂಡಳಿಗೆ ಯಾವಾಗ ಹೋಗಬೇಕು?

ಸ್ಥಳೀಯ ದೂರುಗಳ ಸ್ವೀಕೃತಿ ಕೈಯಲ್ಲಿದ್ದು ಕೆಲಸ ನಿಲ್ಲದಿದ್ದಾಗ. ನಮ್ಮ ರಾಜ್ಯಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. ಗಡುವನ್ನು ಮರೆಯಬೇಡಿ: ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ಸಕಾರಣವಿದ್ದರೆ ಇನ್ನೂ 60 ದಿನ, ಆಮೇಲೆ ಬಾಗಿಲು ಮುಚ್ಚಿತು. ಇತರ ವಿವಾದಕ್ಕೆ ಕಾರಣ ಹುಟ್ಟಿದಂದಿನಿಂದ 6 ತಿಂಗಳು. ಪರಿಹಾರ ಹಣ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ವನ್ಯಜೀವಿ ಕಾಯ್ದೆಯ ಪ್ರಶ್ನೆ ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಹೈಕೋರ್ಟ್.

ಬೆದರಿಕೆ, ಮಾನನಷ್ಟ ಮೊಕದ್ದಮೆ ಬಂದರೆ?

ಸ್ಥಳಕ್ಕೆ ಒಬ್ಬರೇ ಹೋಗಬೇಡಿ, ಅದರಲ್ಲೂ ರಾತ್ರಿ ಮರಳು, ಮಣ್ಣು ಸಾಗಿಸುವ ಕಡೆ. ಬೆದರಿಕೆ ಕರೆಯ ಸಮಯ, ಸಂಖ್ಯೆ ಬರೆದು ಠಾಣೆಗೆ ಲಿಖಿತ ದೂರು ಕೊಡಿ. ಬರವಣಿಗೆಯಲ್ಲಿ ಕೃತ್ಯವನ್ನು ಹೇಳಿ, ವ್ಯಕ್ತಿಯ ಮೇಲೆ ತೀರ್ಪು ಬೇಡ. ‘ಇಂಥವರು ಕೆರೆ ನುಂಗಿದ್ದಾರೆ’ ಎನ್ನುವ ಬದಲು ‘ಇಂಥ ಸರ್ವೆ ನಂಬರಿನಲ್ಲಿ ಇಂಥ ದಿನ ಮಣ್ಣು ತುಂಬಲಾಗಿದೆ, ಚಿತ್ರ ಲಗತ್ತಿಸಿದೆ’ ಎಂದರೆ ನಿಮ್ಮ ಮಾತು ದಾಖಲೆಯ ಮೇಲೆ ನಿಲ್ಲುತ್ತದೆ.

ಚಿತ್ರಗಳನ್ನು ಜಾಲತಾಣದಲ್ಲಿ ಹಾಕಬಹುದೇ?

ಒತ್ತುವರಿಯದ್ದು ಹಾಕಿ. ಕಾಡುಪಾಪ, ಚಿಪ್ಪುಹಂದಿ, ನಕ್ಷತ್ರ ಆಮೆ, ತೋಳದ ಗವಿ, ಗೂಬೆಯ ಪೊಟರೆ ಇವುಗಳ ಜಾಗ ಮಾತ್ರ ಬಿಟ್ಟುಕೊಡಬೇಡಿ. ಹಿಡಿದು ಮಾರುವವರೂ ಅದೇ ಪುಟ ನೋಡುತ್ತಾರೆ. ಊರ ಹೆಸರು ತೆಗೆದರೆ ಸಾಲದು, ಹಿನ್ನೆಲೆಯಲ್ಲಿ ಬೆಟ್ಟ, ಗೋಪುರ, ಗಾಳಿಯಂತ್ರ ಕಂಡರೂ ಜಾಗ ಗೊತ್ತಾಗುತ್ತದೆ. ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆ ಇದೆ, ಬಳಸಿ.

ಇದಕ್ಕೆಲ್ಲ ಎಷ್ಟು ಜನ ಬೇಕು?

ಐದು ಜನ ಸಾಕು, ಕೆಲಸ ಹಂಚಿಕೊಂಡರೆ. ಒಬ್ಬರು ಕಡತ ಮತ್ತು ಗಡುವು ನೋಡಿಕೊಳ್ಳಲಿ, ಒಬ್ಬರು ಎಣಿಕೆ, ಒಬ್ಬರು ಚಿತ್ರ, ಒಬ್ಬರು ಪಂಚಾಯಿತಿ ಮತ್ತು ಇಲಾಖೆಗಳ ಓಡಾಟ, ಇನ್ನೊಬ್ಬರು ಊರಿನವರ ಜೊತೆ ಮಾತುಕತೆ. ಕಡತ ನೋಡುವವರು ಊರು ಬಿಟ್ಟು ಹೋದರೆ ಹೋರಾಟವೂ ಅವರ ಜೊತೆ ಹೋಗುತ್ತದೆ. ಆದ್ದರಿಂದ ಪ್ರತಿ ಕಾಗದದ ಎರಡನೇ ಪ್ರತಿ ಬೇರೊಂದು ಮನೆಯಲ್ಲಿರಲಿ, ಮೊದಲ ಹಾಳೆಯಲ್ಲಿ ಯಾವ ಅರ್ಜಿ ಯಾವ ದಿನ ಎಲ್ಲಿ ಕೊಟ್ಟಿದ್ದು, ಮುಂದಿನ ಗಡುವು ಯಾವತ್ತು ಎಂಬ ಪಟ್ಟಿ ಇರಲಿ.